ತುಂಬಿದ ಟಪಾಲು ಪೆಟ್ಟಿಗೆಯನ್ನು ಹೊಸ ಮನೆಗೆ ಒಯ್ಯುವುದು ಹೇಗೆ?

ಮನೆ ಬದಲಿಸುವ ಕಷ್ಟವನ್ನು ನಮ್ಮ ಗೃಹಿಣಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು, ಗಾಜಿನ ಸಾಮಾನನ್ನು ಹಳೆಯ ಸೀರೆಯಲ್ಲಿ ಸುತ್ತುವುದು, ಹಾಲಿನವನಿಗೂ ಪೇಪರಿನವನಿಗೂ ಹೊಸ ವಿಳಾಸ ತಿಳಿಸುವುದು, ಹೀಗೆ ಎಲ್ಲವೂ ಅವರ ತಲೆಯ ಮೇಲೆಯೇ. ಈಗ ಈ ಪಟ್ಟಿಗೆ ಇನ್ನೊಂದು ಸೇರಿದೆ. ಅದು ಇ-ಮೇಲ್ ಪೆಟ್ಟಿಗೆ. ವರ್ಷಾನುಗಟ್ಟಲೆ ಪತ್ರಗಳನ್ನು ತುಂಬಿಕೊಂಡ ಪೆಟ್ಟಿಗೆಯನ್ನು ಒಂದು ಹೋಸ್ಟಿಂಗ್ ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸುವ ಪ್ರಸಂಗ ಇಂದು ಎಷ್ಟೋ ಮನೆಗಳಿಗೆ ಬರುತ್ತಿದೆ.

"ಅದೆಲ್ಲಾ ಹುಡುಗರ ಕೆಲಸ, ನಮಗ್ಯಾಕ್ರೀ?" ಎಂದು ಪುಟ ತಿರುವಬೇಡಿ, ಸೋದರಿಯರೇ. ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ಮಾರುವವರು, ಸೀರೆ ಅಂಗಡಿಯ ಲೆಕ್ಕ ನೋಡುವವರು, ಮಹಿಳಾ ಸಂಘದ ಕಾರ್ಯದರ್ಶಿಗಳು, ಎಲ್ಲರ ವ್ಯವಹಾರವೂ ಇಂದು ಈ ಪೆಟ್ಟಿಗೆಯಲ್ಲೇ ಕೂತಿದೆ. ಸಾಗಿಸುವ ಕೆಲಸವನ್ನು ಹುಡುಗರೇ ಮಾಡಲಿ. ಆದರೆ ಏನೇನು ಇತ್ತು, ಏನೇನು ಬಂತು ಎಂದು ಎಣಿಸಿಕೊಳ್ಳುವುದು ಮನೆಯವರ ಕೆಲಸ.

ಪೆಟ್ಟಿಗೆ ಇಷ್ಟು ಭಾರವಾದದ್ದು ಹೇಗೆ?

ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಜಾಲದ ಮೂಲಕ ಮೊದಲ ಪತ್ರ ಹೋದದ್ದು 1971ರಲ್ಲಿ. ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಅದನ್ನು ಕಳಿಸಿದರು. ಹೆಸರಿಗೂ ಊರಿಗೂ ನಡುವೆ ಆ 'ಅಟ್' ಚಿಹ್ನೆಯನ್ನು ಇಟ್ಟವರೂ ಅವರೇ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷ, 1996ರಲ್ಲಿ, ಹಾಟ್‌ಮೇಲ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಓದಿದವರು.

ಆ ಕಾಲದ ಪೆಟ್ಟಿಗೆಗಳು ಬಹಳ ಚಿಕ್ಕವು. 2004ರಲ್ಲಿಯೂ ಹಾಟ್‌ಮೇಲ್ ಪುಕ್ಕಟೆಯಾಗಿ ಕೊಡುತ್ತಿದ್ದ ಜಾಗ 2 ಎಂಬಿ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ! ಅದೇ ವರ್ಷ ಏಪ್ರಿಲ್ 1ರಂದು ಜಿಮೇಲ್ ಬಂದು 1 ಜಿಬಿ ಜಾಗ ಕೊಟ್ಟಿತು. ಅಂದಿನಿಂದ ನಮಗೆ ಪತ್ರ ಅಳಿಸುವ ರೂಢಿಯೇ ತಪ್ಪಿಹೋಯಿತು. ಅಟ್ಟದ ಮೇಲೆ ಸಾಮಾನು ಒಟ್ಟಿದಂತೆ ಒಟ್ಟುತ್ತಲೇ ಬಂದೆವು.

ಆದರೆ ಅಟ್ಟಕ್ಕೂ ಒಂದು ಮಿತಿ ಇದೆ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗ ಪತ್ರಗಳಿಗೆ ಮಾತ್ರ ಮೀಸಲಲ್ಲ. ಡ್ರೈವ್‌ಗೂ ಫೋಟೋಗಳಿಗೂ ಸೇರಿದ್ದು. 2021ರ ಜೂನ್ 1ರಿಂದ ಹೊಸ ಫೋಟೋಗಳೂ ಈ ಲೆಕ್ಕಕ್ಕೇ ಸೇರತೊಡಗಿದವು. ಮೊಮ್ಮಗನ ಜಾವಳದ ಫೋಟೋ ತುಂಬಿದ್ದರಿಂದ ಗಿರಾಕಿಯ ಪತ್ರ ವಾಪಸಾಗಬಹುದು. ಹೀಗೆ ಜಾಗ ಸಾಲದೆಯೋ, ಬಾಡಿಗೆ ಹೆಚ್ಚಾಗಿಯೋ, ಕಂಪನಿಯ ಸೇವೆ ಸರಿಬಾರದೆಯೋ ಪೆಟ್ಟಿಗೆಯನ್ನು ಬೇರೆಡೆಗೆ ಒಯ್ಯುವ ಕಾಲ ಬರುತ್ತದೆ.

ಒಂದು ಮನೆತನದ ಲೆಕ್ಕ

ವಿಷಯ ಸುಲಭವಾಗಲೆಂದು ಒಂದು ಮನೆತನವನ್ನು ಮನಸ್ಸಿಗೆ ತಂದುಕೊಳ್ಳಿ. ಬೆಳಗಾವಿಯ ಶಹಾಪುರದಲ್ಲಿ ಅವರ ಸೀರೆ ಅಂಗಡಿ. ಖಾನಾಪುರದಲ್ಲಿ ಅವರದೇ ಇನ್ನೊಂದು ಚಿಕ್ಕ ಅಂಗಡಿ. ಅಲ್ಲಿ ಮಣ್ಣಿನ ಪಾತ್ರೆ, ಹೂಜಿ, ಹಂಚಿನ ಮಾರಾಟ. ಬೆಳಗಾವಿಯ ಅಂಗಡಿ ಹಿರಿಯ ಸೊಸೆಯ ಉಸ್ತುವಾರಿಯಲ್ಲಿದೆ, ಖಾನಾಪುರದ್ದು ನಾದಿನಿಯ ಕೈಯಲ್ಲಿ. ಅಂಗಡಿಯ ಹೆಸರಿನಲ್ಲೇ ಇ-ಮೇಲ್ ವಿಳಾಸ. ಪೆಟ್ಟಿಗೆಗಳು ಮೂರು. ಆರ್ಡರುಗಳ ಪೆಟ್ಟಿಗೆಯಲ್ಲಿ ಸೀರೆಯ ಫೋಟೋಗಳೇ ಹೆಚ್ಚಾಗಿ 22 ಜಿಬಿ. ಲೆಕ್ಕಪತ್ರದ್ದು 6 ಜಿಬಿ. ತೀರಿಕೊಂಡ ಮಾವನವರದು 3 ಜಿಬಿ. ಒಟ್ಟು 31 ಜಿಬಿ.

"ವೈನಿ, ಮಾವನವರ ಪತ್ರ ಎಲ್ಲಾ ಹೋಗಿಬಿಡ್ತಾವೇನ್ರೀ?" ಎಂದು ನಾದಿನಿ ಕೇಳುತ್ತಾಳೆ.

"ಎಣಿಸಿ ಇಟ್ಕೊಂಡ್ರ ಯಾಕ ಹೋಗ್ತಾವ? ಮೊದಲ ಒಂದು ವಹಿ ತಗೋ" ಎನ್ನುತ್ತಾಳೆ ವೈನಿ.

ಈ ಒಂದು ಮಾತಿನಲ್ಲಿ ಅರ್ಧ ಕೆಲಸದ ಗುಟ್ಟು ಇದೆ.

ಮೊದಲು ತಿಳಿಯಬೇಕಾದ್ದು: ವಿಳಾಸ ಬೇರೆ, ಮನೆ ಬೇರೆ

ಅಂಗಡಿಯ ಹೆಸರಿನ ವಿಳಾಸ, ಅಂದರೆ ಡೊಮೇನ್, ಒಂದು ಕಡೆ ನೋಂದಣಿಯಾಗಿರುತ್ತದೆ. ಪತ್ರಗಳು ಕೂತಿರುವ ಜಾಗ, ಅಂದರೆ ಹೋಸ್ಟಿಂಗ್, ಇನ್ನೊಂದು ಕಡೆ ಇರಬಹುದು. ಎರಡಕ್ಕೂ ಬೇರೆ ಬೇರೆ ಹಣ, ಬೇರೆ ಬೇರೆ ಕೊನೆಯ ತಾರೀಖು. ಪತ್ರಗಳ ಜಾಗ ಬದಲಿಸುವುದಕ್ಕೆ ಡೊಮೇನಿನ ನೋಂದಣಿಯನ್ನು ಬದಲಿಸಬೇಕಾಗಿಲ್ಲ. ಯಾರಾದರೂ "ಎರಡನ್ನೂ ನಮಗೇ ಕೊಡಿ, ಇಲ್ಲದಿದ್ದರೆ ಆಗುವುದಿಲ್ಲ" ಎಂದರೆ ಎರಡು ಸಲ ಯೋಚಿಸಿ.

ಇದಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಇದೆ. ಕೇಂದ್ರ ಸರಕಾರದ ನೌಕರರ ಇ-ಮೇಲ್ ಬಹುಕಾಲ ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ, ವ್ಯವಸ್ಥೆಯಲ್ಲಿತ್ತು. 2023ರಲ್ಲಿ ಟೆಂಡರಿನ ಮೂಲಕ ಈ ಕೆಲಸ ಚೆನ್ನೈಯ ಜೋಹೋ ಕಂಪನಿಗೆ ದೊರೆಯಿತು. 2025ರ ಹೊತ್ತಿಗೆ ಸುಮಾರು 12 ಲಕ್ಷ ಇ-ಮೇಲ್ ವಿಳಾಸಗಳು ಹೊಸ ವ್ಯವಸ್ಥೆಗೆ ಸಾಗಿದ್ದವು. ಇಷ್ಟಾದರೂ ನೌಕರರ ವಿಳಾಸದ ಕೊನೆಯಲ್ಲಿದ್ದ 'ಜಿಒವಿ.ಇನ್', 'ಎನ್‌ಐಸಿ.ಇನ್' ಹಾಗೆಯೇ ಉಳಿದವು. ಪತ್ರ ಬರೆಯುವವರಿಗೆ ಮನೆ ಬದಲಾದದ್ದೇ ಗೊತ್ತಾಗಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಗೃಹಮಂತ್ರಿ ಅಮಿತ್ ಶಾ ಅವರೂ ಜೋಹೋ ಮೇಲ್‌ಗೆ ಬದಲಾದರು. ಆದರೆ ಅವರದು ಹೊಸ ವಿಳಾಸವೇ ಆದ್ದರಿಂದ, ಇನ್ನು ಮುಂದೆ ಇಲ್ಲಿಗೆ ಬರೆಯಿರಿ ಎಂದು ಬಹಿರಂಗವಾಗಿ ತಿಳಿಸಬೇಕಾಯಿತು. ಎರಡು ಬಗೆಯ ಬದಲಾವಣೆಗೂ ಇರುವ ಭೇದ ಇಷ್ಟೆ. ಡೊಮೇನ್ ನಿಮ್ಮದಾಗಿದ್ದರೆ ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ಜಿಮೇಲ್, ಯಾಹೂ, ರೆಡಿಫ್‌ಮೇಲ್ ಇತ್ಯಾದಿಗಳ ಪುಕ್ಕಟೆ ವಿಳಾಸವಾಗಿದ್ದರೆ ಬ್ಯಾಂಕಿನಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ತಿಳಿಸಲೇಬೇಕು.

ಬೆಳಗಾವಿಯವರಿಗೆ ಇಲ್ಲೊಂದು ವಿಶೇಷ ಮಾತಿದೆ. 2014ರ ನವೆಂಬರ್ 1ರಿಂದ ಊರಿನ ಹೆಸರು ಇಂಗ್ಲಿಷಿನಲ್ಲಿಯೂ ಬೆಳಗಾವಿ ಆಯಿತು. ಅದಕ್ಕೂ ಮುಂಚೆ ಡೊಮೇನ್ ತೆಗೆದುಕೊಂಡ ಅಂಗಡಿಯವರ ವಿಳಾಸದಲ್ಲಿ 'ಬೆಲ್ಗಾಂ' ಎಂದೇ ಇದ್ದೀತು. ಹೊಸ ಹೆಸರು ತೆಗೆದುಕೊಂಡರೂ ಹಳೆಯದನ್ನು ಬಿಡಬೇಡಿ. ಎರಡನ್ನೂ ಇಟ್ಟುಕೊಂಡು, ಹಳೆಯ ವಿಳಾಸಕ್ಕೆ ಬಂದ ಪತ್ರ ಹೊಸದಕ್ಕೇ ಬೀಳುವಂತೆ ಮಾಡಿಸಿ. ಬಿಟ್ಟ ಹೆಸರನ್ನು ಬೇರೆ ಯಾರಾದರೂ ಕೊಂಡರೆ ನಿಮ್ಮ ಗಿರಾಕಿಯ ಪತ್ರಗಳೂ ಅವರ ಕೈ ಸೇರುತ್ತವೆ.

ಬೀಗದ ಕೈಯನ್ನು ಒಳಗೇ ಇಟ್ಟು ಕದ ಹಾಕಬೇಡಿ

ನಮ್ಮ ಸೀರೆ ಅಂಗಡಿಯಲ್ಲಿ ಡೊಮೇನ್ ಮಾವನವರ ಹೆಸರಿನಲ್ಲಿದೆ ಎಂದಿಟ್ಟುಕೊಳ್ಳಿ. ನವೀಕರಣದ ನೋಟೀಸು ಬರುವುದು ಅವರ ಪೆಟ್ಟಿಗೆಗೆ. ಆ ಪೆಟ್ಟಿಗೆಯೋ ಅದೇ ಡೊಮೇನಿನಲ್ಲಿದೆ. ಸಾಗಿಸುವಾಗ ಏನಾದರೂ ಹೆಚ್ಚುಕಡಿಮೆಯಾಗಿ ಪತ್ರ ಬರುವುದು ನಿಂತರೆ, ಸರಿಪಡಿಸಲು ನೋಂದಣಿ ಕಂಪನಿಯ ಖಾತೆ ತೆರೆಯಬೇಕು. ಅದರ ಪಾಸ್‌ವರ್ಡ್ ಮರೆತಿದ್ದರೆ ಹೊಸದು ಬರುವುದು ಅದೇ ನಿಂತುಹೋದ ಪೆಟ್ಟಿಗೆಗೆ! ಮನೆಯೊಳಗೆ ಬೀಗದ ಕೈ ಇಟ್ಟು ಹೊರಗಿನಿಂದ ಕದ ಎಳೆದಂತಾಯಿತು.

ಆದ್ದರಿಂದ ಮೊಟ್ಟಮೊದಲು ನೋಂದಣಿ ಕಂಪನಿಯ ಖಾತೆಗೆ ಬೇರೆ ಡೊಮೇನಿನ ಒಂದು ಇ-ಮೇಲ್ ವಿಳಾಸ ಮತ್ತು ಈಗ ಚಾಲ್ತಿಯಲ್ಲಿರುವ ಮೊಬೈಲ್ ನಂಬರನ್ನು ಕೊಡಿ. ಹೆಸರು ತೀರಿಕೊಂಡವರದಾಗಿದ್ದರೆ ಬದುಕಿರುವವರ ಹೆಸರಿಗೆ ಬದಲಾಯಿಸಿ. ಹೊಲ-ಮನೆಯ ಉತಾರವನ್ನು ಹೇಗೆ ವಾರಸುದಾರರ ಹೆಸರಿಗೆ ಮಾಡಿಸುತ್ತೇವೆಯೋ ಹಾಗೆಯೇ ಇದೂ ಒಂದು ಆಸ್ತಿ. ಹೆಣ್ಣುಮಕ್ಕಳು ನಡೆಸುವ ಅಂಗಡಿಯ ಡೊಮೇನ್ ಎಷ್ಟೋ ಸಲ ವೆಬ್‌ಸೈಟು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿರುತ್ತದೆ. ಅದನ್ನೂ ವಿಚಾರಿಸಿಕೊಳ್ಳಿ.

ವಹಿಯಲ್ಲಿ ಬರೆದಿಟ್ಟುಕೊಳ್ಳಿ

ಒಂದು ಪುಟದಲ್ಲಿ ಗೆರೆ ಎಳೆದು ಪ್ರತಿ ಪೆಟ್ಟಿಗೆಯ ಹೆಸರು, ಎಷ್ಟು ಜಿಬಿ, ಪ್ರತಿ ಫೋಲ್ಡರಿನಲ್ಲಿ ಎಷ್ಟು ಪತ್ರ ಎಂಬುದನ್ನು ಬರೆಯಿರಿ. ಒಂದು ವಿಳಾಸಕ್ಕೆ ಬಂದದ್ದು ಇನ್ನೊಂದಕ್ಕೆ ತಾನಾಗಿ ಹೋಗುವ ಏರ್ಪಾಟು ಇದ್ದರೆ ಅದನ್ನೂ ಬರೆಯಿರಿ. ಇಂಥವೇ ಮರೆತುಹೋಗುವುದು ಹೆಚ್ಚು.

ಇಲ್ಲೊಂದು ಗಂಡಾಂತರವಿದೆ. ಹಳೆಯ ಕಂಪ್ಯೂಟರುಗಳಲ್ಲಿ 'ಪಾಪ್' ಎಂಬ ಪದ್ಧತಿಯಿಂದ ಪತ್ರ ಇಳಿಸುತ್ತಿದ್ದರು. ಅದು ಪತ್ರವನ್ನು ಕಂಪ್ಯೂಟರಿಗೆ ತಂದು, ಬೇರೆ ಹೇಳದಿದ್ದರೆ ಕಂಪನಿಯ ಪೆಟ್ಟಿಗೆಯಿಂದ ಅಳಿಸಿಬಿಡುತ್ತಿತ್ತು. ನಾವು ಕಳಿಸಿದ ಪತ್ರಗಳಂತೂ ಆ ಕಂಪ್ಯೂಟರಿನಲ್ಲೇ ಉಳಿಯುತ್ತಿದ್ದವು. ಈಗ ರೂಢಿಯಲ್ಲಿರುವ 'ಐಮ್ಯಾಪ್' ಹಾಗಲ್ಲ. ಅದರಲ್ಲಿ ಪತ್ರ ಕಂಪನಿಯಲ್ಲೇ ಇರುತ್ತದೆ, ನಮಗೆ ಕಾಣುವುದು ಅದರ ಪ್ರತಿಬಿಂಬ. ಪೆಟ್ಟಿಗೆಯಲ್ಲಿ ಕಳೆದ ಆರು ತಿಂಗಳ ಪತ್ರ ಮಾತ್ರ ಕಂಡರೆ ಉಳಿದದ್ದು ಗಲ್ಲೆಯ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿದೆ ಎಂದೇ ತಿಳಿಯಿರಿ. ಅದನ್ನು ಗುಜರಿಗೆ ಹಾಕುವ ಮುಂಚೆ ಒಳಗಿನ ಪತ್ರಗಳನ್ನು ತೆಗೆಸಿಕೊಳ್ಳಿ.

ಹಾಗೆಯೇ ಐಮ್ಯಾಪ್ ಇದ್ದಾಗ "ನನ್ನ ಮೊಬೈಲಿನಲ್ಲಿ ಎಲ್ಲಾ ಇದಾವಲ್ಲ" ಎಂದು ನಿಶ್ಚಿಂತೆಯಿಂದಿರಬೇಡಿ. ಹೊಸ ಪೆಟ್ಟಿಗೆ ಖಾಲಿ ಇರುವಾಗಲೇ ಮೊಬೈಲನ್ನು ಅದಕ್ಕೆ ಜೋಡಿಸಿದರೆ ಮೊಬೈಲೂ ಖಾಲಿಯಾಗಿ ಕಾಣುತ್ತದೆ. ಪ್ರತಿಬಿಂಬಕ್ಕೆ ಸ್ವಂತ ಗಂಟು ಇರುವುದಿಲ್ಲ.

ಒಂದು ಪ್ರತಿ ನಿಮ್ಮ ಕಪಾಟಿನಲ್ಲಿರಲಿ

ಸಾಗಿಸುವ ಮುಂಚೆ ಎಲ್ಲ ಪತ್ರಗಳ ಒಂದು ಪ್ರತಿಯನ್ನು ಸ್ವಂತ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಥಂಡರ್‌ಬರ್ಡ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ಲೋಕಲ್ ಫೋಲ್ಡರ್ಸ್' ಎಂಬ ಭಾಗಕ್ಕೆ ಪತ್ರಗಳನ್ನು ನಕಲು ಮಾಡಬೇಕು. ಸರಿಸಬಾರದು, ನಕಲು ಮಾಡಬೇಕು. ಸರಿಸಿದರೆ ಮೂಲದಲ್ಲಿ ಅಳಿಸಿಹೋಗುತ್ತದೆ. ಜಿಮೇಲ್ ಇದ್ದವರಿಗೆ 'ಟೇಕೌಟ್' ಎಂಬ ಸೌಕರ್ಯದಿಂದ ಇಡೀ ಪೆಟ್ಟಿಗೆಯನ್ನು ಇಳಿಸಿಕೊಳ್ಳಲು ಬರುತ್ತದೆ.

"ಹಳೇ ಬಿಲ್ಲು ಯಾಕ ಬೇಕ್ರೀ, ಅಳಿಸಿಬಿಡೋಣ, ಭಾರ ಕಡಿಮೆ ಆಗ್ತದ" ಎನ್ನುವವರಿದ್ದಾರೆ. ಜಾಹೀರಾತಿನ ಪತ್ರಗಳನ್ನು ಧಾರಾಳವಾಗಿ ಅಳಿಸಿ. ಆದರೆ ಜಿಎಸ್‌ಟಿ ಕಾನೂನಿನ ಪ್ರಕಾರ ನೋಂದಾಯಿತ ವ್ಯಾಪಾರಸ್ಥರು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ತಾರೀಖಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಂದರೆ ಆರು ವರ್ಷ. ಹಣದ ತಕರಾರು ಕೋರ್ಟಿಗೆ ಹೋದರೆ ಇ-ಮೇಲ್ ಕೂಡ ಸಾಕ್ಷ್ಯವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇದನ್ನು ಹೇಳುತ್ತದೆ. ಬರಬೇಕಾದ ಬಾಕಿಯ ಪತ್ರವನ್ನು ಅಳಿಸುವುದೆಂದರೆ ಹಣವನ್ನೇ ಕೈಯಾರೆ ಚೆಲ್ಲಿದಂತೆ.

ಎಷ್ಟು ಹೊತ್ತು ಹಿಡಿಯುತ್ತದೆ?

22 ಜಿಬಿಯ ಪೆಟ್ಟಿಗೆಯನ್ನು ಸೆಕೆಂಡಿಗೆ 4 ಮೆಗಾಬಿಟ್ ವೇಗದ ಲೈನಿನಲ್ಲಿ ಮೇಲೇರಿಸಲು ಬರಿ ಲೆಕ್ಕಕ್ಕೇ ಹನ್ನೆರಡೂವರೆ ಗಂಟೆ ಬೇಕು. ಅದಕ್ಕೂ ಮುಂಚೆ ಇಳಿಸಿಕೊಳ್ಳುವ ಹೊತ್ತು ಬೇರೆ. ಖಾನಾಪುರದ ಕಡೆ ಮಳೆಗಾಲದಲ್ಲಿ ಗಾಳಿ-ಮಳೆಗೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ದೊಡ್ಡ ಪೆಟ್ಟಿಗೆಗಳನ್ನು ಮನೆಯ ಲೈನಿನ ಮೂಲಕ ಸಾಗಿಸಬೇಡಿ. ಹಳೆಯ ಕಂಪನಿಯಿಂದ ಹೊಸ ಕಂಪನಿಗೆ ನೇರವಾಗಿ ನಕಲು ಮಾಡುವ ಸೌಕರ್ಯವಿದೆ. ಬಹಳಷ್ಟು ಹೊಸ ಕಂಪನಿಗಳು ತಾವೇ ಅದನ್ನು ಮಾಡಿಕೊಡುತ್ತವೆ. ಖಾನಾಪುರದಲ್ಲಿ ದೀಪ ಹೋದರೂ ಅಲ್ಲಿ ಕೆಲಸ ನಡೆದೇ ಇರುತ್ತದೆ.

ಆದರೂ ಆತುರ ಸಲ್ಲದು. ಜಿಮೇಲಿನಿಂದ ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿಗಿಂತ ಹೆಚ್ಚು ಹೊರಗೆ ತೆಗೆಯಲು ಗೂಗಲ್ ಬಿಡುವುದಿಲ್ಲ. 15 ಜಿಬಿ ತುಂಬಿದ ಪೆಟ್ಟಿಗೆಗೆ ಏಳನೆಯ ದಿನ ಮುಟ್ಟುತ್ತದೆ. ಒಳಗೆ ಹಾಕುವುದಕ್ಕಂತೂ ದಿನಕ್ಕೆ 500 ಎಂಬಿ ಮಾತ್ರ. ತೂಕದಷ್ಟೇ ಎಣಿಕೆಯೂ ಮುಖ್ಯ. ಒಂದು ದೊಡ್ಡ ಹಲಸಿನಹಣ್ಣನ್ನು ಹೊತ್ತು ಒಯ್ಯುವುದು ಸುಲಭ, ಅಷ್ಟೇ ತೂಕದ ಸಾಸಿವೆಯನ್ನು ಒಂದೊಂದೇ ಕಾಳಾಗಿ ಒಯ್ಯುವುದು ಕಷ್ಟ. ಹತ್ತು ಸಾವಿರ ದೊಡ್ಡ ಪತ್ರಗಳಿಗಿಂತ ಎರಡು ಲಕ್ಷ ಚಿಕ್ಕ ಪತ್ರಗಳು ಹೆಚ್ಚು ಹೊತ್ತು ತಿನ್ನುವುದುಂಟು.

ಜಿಮೇಲಿನವರಿಗೆ ಇನ್ನೊಂದು ಕಿವಿಮಾತು. ಅಲ್ಲಿ ಒಂದೇ ಪತ್ರಕ್ಕೆ ಎರಡು ಮೂರು ಲೇಬಲ್ ಇರಬಹುದು. ಸಾಗಿಸುವಾಗ ಪ್ರತಿ ಲೇಬಲ್ಲೂ ಒಂದು ಫೋಲ್ಡರಾಗಿ ಕಾಣುತ್ತದೆ. 'ಆಲ್ ಮೇಲ್' ಎಂಬುದರಲ್ಲಿ ಅವೇ ಪತ್ರಗಳು ಮತ್ತೊಮ್ಮೆ ಇರುತ್ತವೆ. ಎಚ್ಚರ ತಪ್ಪಿದರೆ 10 ಜಿಬಿಯದು 20 ಆಗಿ ಹೊಸ ಮನೆ ಮೊದಲ ದಿನವೇ ತುಂಬಿಹೋದೀತು. ಇದನ್ನು ಕೆಲಸ ಮಾಡುವವರಿಗೆ ಮೊದಲೇ ಹೇಳಿ.

ಸಾಗಿಸುವ ಕ್ರಮ

ಅಡುಗೆಯಲ್ಲಿ ಒಗ್ಗರಣೆ ಮೊದಲೋ ಬೇಳೆ ಮೊದಲೋ ಎಂಬ ಕ್ರಮವಿರುವಂತೆ ಇಲ್ಲಿಯೂ ಕ್ರಮವಿದೆ. ಅದನ್ನು ತಪ್ಪಿಸಬೇಡಿ.

1. ಹೊಸ ಕಂಪನಿಯಲ್ಲಿ ಅದೇ ಹೆಸರಿನ ಪೆಟ್ಟಿಗೆಗಳನ್ನೆಲ್ಲ ಮೊದಲು ತೆರೆಯಿರಿ. ಒಂದು ಬಿಟ್ಟುಹೋದರೂ ಅದಕ್ಕೆ ಬಂದ ಪತ್ರ ವಾಪಸಾಗುತ್ತದೆ.

2. ಹಳೆಯ ಪತ್ರಗಳ ಮೊದಲ ನಕಲು ಮಾಡಿಸಿ. ಇದಕ್ಕೆ ದಿನಗಳೇ ಹಿಡಿಯಲಿ, ಚಿಂತೆಯಿಲ್ಲ. ಈ ಹೊತ್ತಿನಲ್ಲಿ ಹೊಸ ಪತ್ರಗಳು ಹಳೆಯ ಪೆಟ್ಟಿಗೆಗೇ ಬರುತ್ತಿರುತ್ತವೆ, ವ್ಯಾಪಾರ ನಿಲ್ಲುವುದಿಲ್ಲ.

3. ನಿಮ್ಮ ಡೊಮೇನಿಗೆ ಬಂದ ಪತ್ರವನ್ನು ಯಾವ ಮನೆಗೆ ಹಾಕಬೇಕೆಂದು ಹೇಳುವ ಒಂದು ಫಲಕ ಇರುತ್ತದೆ. ಅದಕ್ಕೆ ಎಂಎಕ್ಸ್ ದಾಖಲೆ ಎನ್ನುತ್ತಾರೆ. ಜಗತ್ತಿನ ಕಂಪ್ಯೂಟರುಗಳು ಆ ಫಲಕವನ್ನು ಒಮ್ಮೆ ಓದಿದರೆ ಇಂತಿಷ್ಟು ಸೆಕೆಂಡು ನೆನಪಿಟ್ಟುಕೊಳ್ಳುತ್ತವೆ. ಆ ಅಂಕಿ 86400 ಎಂದಿದ್ದರೆ ಪೂರಾ ಒಂದು ದಿನ. ಬದಲಾವಣೆಗೆ ಎರಡು ದಿನ ಮುಂಚೆಯೇ ಅದನ್ನು 3600ಕ್ಕೆ, ಅಂದರೆ ಒಂದು ಗಂಟೆಗೆ, ಇಳಿಸಲು ಹೇಳಿ. ಆಗ ಹೊಸ ಫಲಕ ಎಲ್ಲರಿಗೂ ಬೇಗ ಕಾಣುತ್ತದೆ.

4. ಪತ್ರಗಳು ಕಡಿಮೆ ಬರುವ ಶನಿವಾರ ರಾತ್ರಿ ಫಲಕ ಬದಲಿಸಿ. ದೀಪಾವಳಿಯ ಮುಂದೆ, ಮದುವೆಯ ಸೀಸನ್ನಿನಲ್ಲಿ ಬೇಡವೇ ಬೇಡ.

5. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನೂ ಹೊಸ ಕಂಪನಿಗೆ ತಕ್ಕಂತೆ ಹಾಕಿಸಿ. ಪತ್ರ ನಿಜವಾಗಿಯೂ ನಿಮ್ಮಿಂದಲೇ ಬಂದದ್ದು ಎಂದು ಸಾರುವ ಮುದ್ರೆಗಳಿವು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಮುದ್ರೆ ಇಲ್ಲದಿದ್ದರೆ ನಿಮ್ಮ ಬಿಲ್ಲು ಗಿರಾಕಿಯ ಕಸದ ಬುಟ್ಟಿಗೆ ಬಿದ್ದು, "ಉತ್ತರಾನೇ ಕೊಡಲಿಲ್ಲ" ಎಂಬ ಮಾತು ನಿಮಗೆ ಬಂದೀತು.

6. ಮರುದಿನ ಎರಡನೆಯ ನಕಲು. ಮೊದಲ ನಕಲಿನ ನಂತರ ಹಳೆಯ ಮನೆಗೆ ಬಂದು ಬಿದ್ದ ಪತ್ರಗಳಷ್ಟೇ ಈಗ ಸಾಗುತ್ತವೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ, ದಾರಿ ತಪ್ಪಿದವೂ ಬರಲಿ.

7. ಇಷ್ಟಾದ ಮೇಲೆಯೇ ಮೊಬೈಲು, ಕಂಪ್ಯೂಟರುಗಳನ್ನು ಹೊಸ ಪೆಟ್ಟಿಗೆಗೆ ಜೋಡಿಸಿ. ಅಲ್ಲಿಯವರೆಗೆ ಹೊಸ ಪತ್ರಗಳನ್ನು ಹೊಸ ಕಂಪನಿಯ ಪುಟದಲ್ಲಿ ತೆರೆದು ಓದಿರಿ.

8. ಹಳೆಯ ಖಾತೆಯನ್ನು ಕನಿಷ್ಠ ಒಂದು ತಿಂಗಳು ಇಟ್ಟುಕೊಳ್ಳಿ. ಒಂದು ತಿಂಗಳ ಬಾಡಿಗೆ ಉಳಿಸಲು ಹೋಗಿ ವರ್ಷಗಳ ಗಂಟು ಕಳೆದುಕೊಳ್ಳುವುದು ಜಾಣತನವಲ್ಲ.

ನೆನಪಿಡಿ, ಐಮ್ಯಾಪ್ ಒಯ್ಯುವುದು ಪತ್ರಗಳನ್ನು ಮಾತ್ರ. ಗಿರಾಕಿಗಳ ವಿಳಾಸಪಟ್ಟಿ, ಕ್ಯಾಲೆಂಡರು, ಪತ್ರದ ಕೊನೆಯ ಸಹಿ, ತಾನಾಗಿ ವಿಂಗಡಿಸುವ ನಿಯಮಗಳು ಇವನ್ನೆಲ್ಲ ಬೇರೆಯಾಗಿ ಇಳಿಸಿ ಏರಿಸಬೇಕು.

ಬಂದದ್ದನ್ನು ಪರೀಕ್ಷಿಸುವುದು

"ಎಲ್ಲಾ ಆತ್ರೀ ಅಕ್ಕಾರ" ಎಂದು ಹುಡುಗ ಹೇಳಿದ ಕೂಡಲೇ ನಂಬಬೇಡಿ. ವಹಿ ತೆಗೆಯಿರಿ. ಪ್ರತಿ ಫೋಲ್ಡರಿನ ಪತ್ರಗಳ ಎಣಿಕೆ ತಾಳೆ ನೋಡಿ. ಜಿಬಿಯಲ್ಲಿ ತುಸು ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ, ಒಂದೊಂದು ಕಂಪನಿ ಅಳೆಯುವ ರೀತಿ ಒಂದೊಂದು. ಎಣಿಕೆ ಮಾತ್ರ ಕೂಡಬೇಕು. ಎಣಿಕೆ ಕಡಿಮೆಯಾದರೆ ಮೊದಲು ದೊಡ್ಡ ಲಗತ್ತುಗಳಿರುವ ಪತ್ರಗಳನ್ನು ಹುಡುಕಿ. ಪತ್ರಕ್ಕೆ ಲಗತ್ತಿಸಿದ ಫೋಟೋ ಸಾಗುವಾಗ ಮೂಲದ ಗಾತ್ರಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಉಬ್ಬುತ್ತದೆ; ಹೊಸ ಕಂಪನಿಯ ಮಿತಿ ಚಿಕ್ಕದಿದ್ದರೆ ಅಂಥವು ಹಿಂದೆ ಉಳಿದಿರಬಹುದು.

ಆಮೇಲೆ ನಾಲ್ಕು ಪತ್ರಗಳನ್ನು ತೆರೆದು ನೋಡಿ: ಅತ್ಯಂತ ಹಳೆಯದೊಂದು, ದೊಡ್ಡ ಲಗತ್ತು ಇರುವುದೊಂದು, ನೀವು ಕಳಿಸಿದ್ದೊಂದು, ಕನ್ನಡದಲ್ಲಿ ಬರೆದದ್ದೊಂದು. ಕನ್ನಡದ್ದು ಯಾಕೆಂದರೆ, ಯೂನಿಕೋಡ್ ರೂಢಿಯಾಗುವ ಮುಂಚೆ ಬರಹ, ನುಡಿಗಳ ಹಳೆಯ ಅಕ್ಷರಮಾದರಿಯಲ್ಲಿ ಬರೆದು ಕಳಿಸಿದ ಪತ್ರಗಳು ಇದ್ದಾವು. ಆ ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪತ್ರ ಕೆಟ್ಟಿತೆಂದು ಹೌಹಾರಿ ಅಳಿಸಬೇಡಿ. ಆ ಫಾಂಟು ಹಾಕಿಸಿದರೆ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿದರೆ ಮತ್ತೆ ಓದಲು ಬರುತ್ತದೆ. ಫೋಲ್ಡರಿಗೆ ಕನ್ನಡದ ಹೆಸರಿಟ್ಟವರು ಆ ಹೆಸರು ಸರಿಯಾಗಿ ಬಂದಿದೆಯೇ ಎಂದೂ ನೋಡಿಕೊಳ್ಳಿ.

ತೀರಿಕೊಂಡವರ ಪೆಟ್ಟಿಗೆ

ನಮ್ಮ ಮನೆತನದ ಮೂರನೆಯ ಪೆಟ್ಟಿಗೆಗೆ ಬರೋಣ. ವ್ಯಾಪಾರದ ದೃಷ್ಟಿಯಿಂದ ಮಾವನವರ 3 ಜಿಬಿಗೆ ಬೆಲೆ ಇಲ್ಲ ಎಂದು ಯಾರಾದರೂ ಅಂದಾರು. ಪ್ರತಿ ಪೆಟ್ಟಿಗೆಗೂ ಬಾಡಿಗೆ ಕೊಡಬೇಕಾದಾಗ ಮೊದಲು ಕೈಬಿಡುವುದು ಅದನ್ನೇ. ಆದರೆ ದೂರದ ಮಗಳಿಗೆ ಅವರು ಬರೆದ ಪತ್ರ, ನೇಕಾರರ ಜೊತೆ ಮಾಡಿಕೊಂಡ ಕರಾರು, ಯಾರಿಗೋ ಕೊಟ್ಟ ಕೈಸಾಲದ ವಿವರ, ಎಲ್ಲವೂ ಅಲ್ಲಿರಬಹುದು. ಅತ್ತೆಯವರಿಗೆ ಇಂಟರ್‌ನೆಟ್ ಬಾರದಿದ್ದರೂ ಆ ಪತ್ರಗಳು ಅವರವೇ.

ಇದಕ್ಕೆ ಹೊಸ ಮನೆಯಲ್ಲಿ ಕೋಣೆ ಹಿಡಿಯಬೇಕೆಂದೇನೂ ಇಲ್ಲ. ಪತ್ರಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ ಎರಡು ಪ್ರತಿ ಮಾಡಿ. ಒಂದು ಬೆಳಗಾವಿಯಲ್ಲಿರಲಿ, ಒಂದು ಖಾನಾಪುರದಲ್ಲಿ. ಅವರ ವಿಳಾಸಕ್ಕೆ ಮುಂದೆ ಬರುವ ಪತ್ರ ವೈನಿಯ ಪೆಟ್ಟಿಗೆಗೆ ಬೀಳುವಂತೆ ಮಾಡಿಸಿ. ಮುಖ್ಯವಾದ ಹತ್ತಿಪ್ಪತ್ತನ್ನು ಕಾಗದದ ಮೇಲೆ ಮುದ್ರಿಸಿ ಅತ್ತೆಯವರ ಕೈಗೆ ಕೊಡಿ.

ತೀರಿಕೊಂಡವರದು ಜಿಮೇಲ್ ಆಗಿದ್ದರೆ ತಡ ಮಾಡಬೇಡಿ. ಎರಡು ವರ್ಷ ಯಾರೂ ಬಳಸದ ಸ್ವಂತ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಬದುಕಿರುವಾಗಲೇ, ಖಾತೆ ಇಷ್ಟು ತಿಂಗಳು ನಿಂತರೆ ಇಂಥವರಿಗೆ ತಿಳಿಸಿ ಎಂದು ಗೂಗಲ್‌ಗೆ ಹೇಳಿಡುವ ಏರ್ಪಾಟೂ 2013ರಿಂದ ಇದೆ. ಯಜಮಾನರ ಜೊತೆ ಕೂತು ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಹಾಕಿಡಿ. ಇದು ಅಶುಭದ ಮಾತಲ್ಲ, ಸಂಸಾರದ ಮಾತು.

ಮೋಸಗಾರರಿಂದ ಎಚ್ಚರ

"ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯೊಳಗೆ ಇಲ್ಲಿ ಒತ್ತದಿದ್ದರೆ ಅಳಿಸಲಾಗುತ್ತದೆ" ಎಂಬ ಪತ್ರ ಬಂದರೆ ಒತ್ತಬೇಡಿ. ಕಂಪನಿಯ ಪುಟವನ್ನು ನೀವಾಗಿ ತೆರೆದು ನೋಡಿ. ಸಾಗಿಸುವ ಕೆಲಸಕ್ಕೆ ಹಳೆಯ ಪೆಟ್ಟಿಗೆಯ ಪಾಸ್‌ವರ್ಡ್ ಬೇಕಾಗುವುದು ನಿಜ. ಅದನ್ನು ಹೊಸ ಕಂಪನಿಯ ಪುಟದಲ್ಲಿ ನೀವೇ ಟೈಪ್ ಮಾಡಿ. ಫೋನಿನಲ್ಲಿ ಹೇಳುವುದು, ವಾಟ್ಸಪ್ಪಿನಲ್ಲಿ ಕಳಿಸುವುದು ಬೇಡ. ಓಟಿಪಿಯನ್ನಂತೂ ಯಾರಿಗೂ ಹೇಳಬಾರದು. ಕೆಲಸ ಮುಗಿದ ದಿನವೇ ಎಲ್ಲ ಪಾಸ್‌ವರ್ಡುಗಳನ್ನು ಬದಲಿಸಿ. ಹಣ ಕಳೆದುಕೊಂಡರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ನಂಬರಿಗೆ ಫೋನು ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಂಭವ ಹೆಚ್ಚು.

ಇಷ್ಟೆಲ್ಲ ಓದಿ ದಣಿದಿರಾ? ನಿಮ್ಮ ಪೆಟ್ಟಿಗೆಯನ್ನು ಸಾಗಿಸುವ ದಿನ ಇನ್ನೂ ದೂರವಿದ್ದೀತು. ಆದರೆ ಒಂದು ಕೆಲಸವನ್ನು ಇಂದೇ ಮಾಡಬಹುದು. ಸಾಯಂಕಾಲ ಒಲೆಯ ಮೇಲೆ ಅನ್ನ ಇಟ್ಟು, ಅದು ಬೇಯುವಷ್ಟರಲ್ಲಿ, ನಿಮ್ಮ ಡೊಮೇನಿನ ನವೀಕರಣದ ರಸೀದಿ ಹುಡುಕಿ ತೆಗೆಯಿರಿ. ಅದು ಯಾರ ಹೆಸರಿನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತದೆ, ಯಾವ ಮೊಬೈಲಿಗೆ ನೋಟೀಸು ಬರುತ್ತದೆ ಎಂಬ ಮೂರು ವಿಷಯಗಳನ್ನು ವಹಿಯ ಮೊದಲ ಪುಟದಲ್ಲಿ ಬರೆದಿಡಿ. ಮೂರರಲ್ಲಿ ಒಂದಕ್ಕಾದರೂ ಉತ್ತರ ಸಿಗದಿದ್ದರೆ ನಾಳೆ ಬೆಳಿಗ್ಗೆ ಮೊದಲ ಫೋನು ಅದಕ್ಕೇ ಆಗಲಿ.